ಕೆರೆಗೆ ಬೆಲೆ ಕಟ್ರಿ, ಆದ್ರೆ ಮಾರೋಕಲ್ಲ

(1/8)
ಫೋಟೋ: ದುರ್ಗದ ಗುಡ್ಡದ ಮೇಲಿಂದ ತೆಗೆದದ್ದು. ಬೆನ್ನ ಹಿಂದೆ ಉಚ್ಚಂಗೆಮ್ಮನ ಗುಡಿ, ಕೆಳಗೆ ಮೆಕ್ಕೆಜೋಳದ ಹೊಲಗಳು. ಬಲಕ್ಕೆ ಬೂದು ಬಣ್ಣದ ಪಟ್ಟಿ ಕಾಣ್ತಿದೆಯಲ್ಲ, ಅದು ಕೆರೆ. ಝೂಮ್ ಮಾಡಿದ್ರೂ ನೀರು ಸಿಗಲ್ಲ, ಸುಮ್ನೆ ಪ್ರಯತ್ನ ಮಾಡಬೇಡಿ.

ಹೋದ ಭಾನುವಾರ ಅಂಕಸಮುದ್ರದ ಕೊಕ್ಕರೆಗಳನ್ನ ಸ್ಟೋರಿಗೆ ಹಾಕಿದ್ದೆ. ಎರಡು ರಿಪ್ಲೈ ಬಂದವು. ಎರಡೂ ನನ್ನ ತಲೆ ಕೆಡಿಸಿದವು.

ಮೊದಲನೆಯದು ನಮ್ಮ ಕ್ಲಾಸಿನವನದೇ: "ಲೇ, ಹಕ್ಕಿ ನೋಡಿದ್ರೆ ಹೊಟ್ಟೆ ತುಂಬುತ್ತಾ? ಅಷ್ಟು ಜಾಗದಲ್ಲಿ ಸೈಟ್ ಹಾಕಿದ್ರೆ ಕೋಟಿ ಕೋಟಿ ಬರುತ್ತೆ."
ಎರಡನೆಯದು ಸೀನಿಯರ್ ಅಕ್ಕ ಒಬ್ಬರದು: "ಪ್ರಕೃತಿ ಅಮೂಲ್ಯ ಕಣೇ. ಅದಕ್ಕೆ ರೂಪಾಯಿ ಲೆಕ್ಕ ಹಾಕೋದೇ ಪಾಪ."

ಇಬ್ಬರಿಗೂ ಇಲ್ಲೇ ಉತ್ತರ ಕೊಡ್ತೀನಿ, ಎಂಟು ಪೋಸ್ಟ್ ಆಗುತ್ತೆ. ಬಿಕಾಂ ಓದೋಳು, ನನಗೆ ಗೊತ್ತಿರೋದು ಲೆಕ್ಕ ಅಷ್ಟೇ.

ಅಣ್ಣಾ, ನಿನ್ನ ಲೆಕ್ಕದಲ್ಲಿ ಕೆರೆಯ ಬೆಲೆ ಸೊನ್ನೆ. ಅಕ್ಕಾ, ನೀವು ಬೆಲೆ ಕಟ್ಟಲ್ಲ ಅಂತೀರಿ. ಆದ್ರೆ ಲೆಡ್ಜರ್‌ನಲ್ಲಿ ಬರೆಯದೆ ಬಿಟ್ಟ ಆಸ್ತಿ ಎಷ್ಟು ಅಂತ ತೋರಿಸುತ್ತೆ? ಅದೂ ಸೊನ್ನೆ. ಅವನು ಲಾಭಕ್ಕಾಗಿ ಸೊನ್ನೆ ಬರೀತಾನೆ, ನೀವು ಭಕ್ತಿಯಿಂದ ಸೊನ್ನೆ ಬರೀತೀರಿ. ಲೇಔಟ್ ಮಾಡೋನಿಗೆ ಎರಡರ ಮಧ್ಯೆ ವ್ಯತ್ಯಾಸವೇ ಇಲ್ಲ. ಅವನಿಗೆ ಬೇಕಾಗಿರೋದು ಆ ಸೊನ್ನೆ ಮಾತ್ರ.

ನಾನು ಹೇಳೋದು ಇಷ್ಟೇ: ಕೆರೆಗೆ ಬೆಲೆ ಕಟ್ರಿ. ಸರಿಯಾಗಿ ಕಟ್ರಿ. ಯಾರು ಕಟ್ತಾರೆ, ಯಾರ ಖಾತೆಗೆ ಬರೀತಾರೆ ಅನ್ನೋದರ ಮೇಲೆ ಕಣ್ಣಿಡ್ರಿ.

(2/8)
ಫೋಟೋ: ನಮ್ಮ ಹೊಲದ ಹಳೇ ಬಾವಿ. ಒಳಗೆ ಬರೀ ಜಾಲಿಗಿಡ, ಒಂದು ಚಪ್ಪಲಿ.

ಮೊದಲು ನಮ್ಮನೆ ಲೆಕ್ಕ.

ಈ ಬಾವಿ 40 ಅಡಿ. ಅಜ್ಜ ತೋಡಿಸಿದ್ದು. "ಯವ್ವಾ, ಕೆರಿ ತುಂಬಿದ ವರ್ಷ ಕೈಯಾಗ ಬಗ್ಗಿ ನೀರು ತಗೀಬೌದಿತ್ತು" ಅಂತಾನೆ. ಸ್ವಲ್ಪ ಹೆಚ್ಚೇ ಹೇಳ್ತಾನೆ ಅಂತ ನನಗೂ ಗೊತ್ತು. ಆದ್ರೆ ಬಾವಿಯ ಕಲ್ಲಿನ ಮೇಲೆ ನೀರಿನ ಗೆರೆ ಇನ್ನೂ ಇದೆ, ಅದು ಸುಳ್ಳು ಹೇಳಲ್ಲ.

ಅಪ್ಪ ಹಾಕಿಸಿದ ಮೊದಲ ಬೋರು 220 ಅಡಿ. ಎರಡನೆಯದು 580, ಬರೀ ಧೂಳು. ಮೂರನೆಯದು 2024ರ ಬೇಸಿಗೆಯಲ್ಲಿ 760 ಅಡಿ, ಒಂದು ಇಂಚು ನೀರು. ಕೇಸಿಂಗ್, ಮೋಟಾರು, ಪೈಪು ಎಲ್ಲಾ ಸೇರಿ ಆ ಮೂರನೆಯದಕ್ಕೆ 1,90,000. ಆ ದುಡ್ಡಿಗೆ ಅವ್ವನ ಬೆಂಡೋಲೆ, ಸರ ಎರಡೂ ಗೋಲ್ಡ್ ಲೋನಿಗೆ ಹೋದವು. ಸರ ಬಿಡಿಸಿದೀವಿ. ಬೆಂಡೋಲೆ ಇನ್ನೂ ಅಲ್ಲೇ ಇದಾವೆ. ಮದುವೆ ಮನೆಗಳಿಗೆ ಅವ್ವ ಕಡ್ಡಿ ಹಾಕ್ಕೊಂಡು ಹೋಗ್ತಾಳೆ, ಇಲ್ಲಾ ಹೋಗೋದೇ ಇಲ್ಲ.

ಈಗ ಕ್ಲಾಸಿನ ಪ್ರಶ್ನೆ: ಈ 1,90,000ಕ್ಕೆ ಯಾವ ಹೆಸರು ಕೊಡ್ತೀರಿ? ಅಪ್ಪ "ಬೋರಿನ ಖರ್ಚು" ಅಂತಾನೆ. ನಾನು ಅದನ್ನ ಕೆರೆ ರಿಪೇರಿ ಮಾಡದೇ ಇದ್ದದ್ದರ ಖರ್ಚು ಅಂತೀನಿ. ಪೂರ್ತಿ ಅಲ್ಲ, ಒಪ್ತೀನಿ. ಬೋರು ಆಳಕ್ಕೆ ಹೋಗೋಕೆ ಅಡಿಕೆಯೂ ಕಾರಣ, ಮಳೆಯೂ ಕಾರಣ, ಒಬ್ಬರ ಪಕ್ಕ ಒಬ್ಬರು ಪೈಪೋಟಿಗೆ ಕೊರೆಸಿದ್ದೂ ಕಾರಣ. ಆದ್ರೂ ಒಂದು ಪಾಲು ಕೆರೆಯದು. ಕೆರೆಯಲ್ಲಿ ನಿಂತು ಇಂಗಬೇಕಿದ್ದ ನೀರು ಹೂಳಿನ ಮೇಲೆ ಜಾರಿ ಹರಿದು ಹೋಯ್ತು. ಆ ಬಿಲ್ಲು ಪಂಚಾಯ್ತಿಗೂ ಹೋಗಲಿಲ್ಲ, ಇಲಾಖೆಗೂ ಹೋಗಲಿಲ್ಲ. ಅವ್ವನ ಕಿವಿಗೆ ಬಂತು.

ನಿಮ್ಮನೇಲೂ ಇಂಥ ಬಿಲ್ಲು ಇರುತ್ತೆ. ಬೇರೆ ಹೆಸರಲ್ಲಿ ಇರುತ್ತೆ ಅಷ್ಟೇ.

(3/8)
ಫೋಟೋ: ಹೊಸಪೇಟೆಗೆ ಹೋದಾಗ ತೆಗೆದ ಡ್ಯಾಮ್. ಫಿಲ್ಟರ್ ಹಾಕಿಲ್ಲ.

"ನೀರಿಗೆ ರೂಪಾಯಿ ಲೆಕ್ಕ ಹಾಕಬಾರದು" ಅನ್ನೋರಿಗೆ ಒಂದು ಸುದ್ದಿ: ಸರ್ಕಾರ ಆಗಲೇ ಹಾಕಿದೆ. ನೀರಿಗಲ್ಲ, ನೀರು ಇಲ್ಲದ್ದಕ್ಕೆ.

2023ರ ಬರ ನೆನಪಿದೆಯಲ್ಲ? ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ. ಮಳೆಯಾಶ್ರಿತ ಬೆಳೆ ಹಾಳಾದ್ರೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ತನಕ. ರಾಜ್ಯ ಕೇಂದ್ರದ ಹತ್ರ 18,171 ಕೋಟಿ ಕೇಳ್ತು. ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2024ರ ಏಪ್ರಿಲ್‌ನಲ್ಲಿ ಬಂದದ್ದು 3,400 ಕೋಟಿ ಚಿಲ್ಲರೆ. ಅಂದ್ರೆ ಒಣಗಿದ ಹೊಲಕ್ಕೆ ರೇಟ್ ಇದೆ, ಫಾರ್ಮ್ ಇದೆ, ಕೇಸ್ ಇದೆ. ಆ ಹೊಲದ ಪಕ್ಕದ ಕೆರೆಗೆ ಮಾತ್ರ ಒಂದು ಸಾಲಿನ ಲೆಕ್ಕವೂ ಇಲ್ಲ.

ಇನ್ನೊಂದು. ತುಂಗಭದ್ರಾ ಡ್ಯಾಮ್ ಕಟ್ಟಿದಾಗ ಹಿಡೀತಿದ್ದದ್ದು 133 ಟಿಎಂಸಿ. ಈಗ 105.788. ಉಳಿದ 27 ಟಿಎಂಸಿ ಚಿಲ್ಲರೆ ಜಾಗದಲ್ಲಿ ಹೂಳು ಕೂತಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿ ಹೋದಾಗ ಇಡೀ ರಾಜ್ಯ ನಿದ್ದೆಗೆಟ್ಟಿತು, ನಾವೆಲ್ಲಾ ರೀಲ್ಸ್ ನೋಡಿ ಗಾಬರಿಯಾದ್ವಿ. ನ್ಯಾಯವೇ. ಆದ್ರೆ 27 ಟಿಎಂಸಿ ಎಪ್ಪತ್ತು ವರ್ಷದಲ್ಲಿ ಸದ್ದಿಲ್ಲದೆ ಹೋದದ್ದಕ್ಕೆ ಯಾರ ನಿದ್ದೆ ಕೆಟ್ಟಿತು?

ಬಿಕಾಂನವರು ಇದನ್ನ ಕೂಡಲೇ ಗುರುತು ಹಿಡೀಬೇಕು. ಇದು ಡಿಪ್ರಿಸಿಯೇಷನ್. ಒಂದು ಹಳೇ ಲಾರಿಗೆ ವರ್ಷ ವರ್ಷ ಸವಕಳಿ ಬರೀತೀವಿ. ಡ್ಯಾಮಿಗೆ, ಕೆರೆಗೆ ಬರೆಯಲ್ಲ. ಇನ್ನೂ ಒಂದು ವಿಷಯ: ಹಳ್ಳದ ಮೇಲಿನ ಊರ ಕೆರೆಗಳೇ ಆ ಮಣ್ಣನ್ನ ಮೊದಲು ತಡೀತಿದ್ದವು. ನಮ್ಮ ಕೆರೆ ತುಂಬಿಹೋದ ಮೇಲೆ ಮಣ್ಣು ಮುಂದಕ್ಕೆ ಹೊಳೆಗೆ ಹೋಗುತ್ತೆ. ಸಣ್ಣ ಆಸ್ತಿಯ ರಿಪೇರಿ ಬಿಟ್ರೆ ದೊಡ್ಡ ಆಸ್ತಿಗೆ ಪೆಟ್ಟು ಬೀಳುತ್ತೆ.

ಪಕ್ಕದ ಜಗಳೂರಿಗೆ ದೀಟೂರಿನಿಂದ ಹೊಳೆ ನೀರು ಎತ್ತಿ 57 ಕೆರೆ ತುಂಬಿಸೋ ಯೋಜನೆ ಬಂತು. ನೂರಾರು ಕೋಟಿ. ನಾನು ವಿರೋಧ ಮಾಡ್ತಿಲ್ಲ, ನೀರು ಬಂದ ಊರಿನವರ ಖುಷಿ ನೋಡಿದೀನಿ. ಆದ್ರೆ ಕರೆಂಟ್ ಬಿಲ್ ಕಟ್ಟಿ ತಂದ ನೀರನ್ನ ಹೂಳು ತುಂಬಿದ ಕೆರೆಗೆ ಬಿಟ್ರೆ ಎಷ್ಟು ನಿಲ್ಲುತ್ತೆ?

(4/8)
ಫೋಟೋ: ಅಂಕಸಮುದ್ರ. ಮುಳುಗಿದ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆ. ವಾಸನೆ ಫೋಟೋದಲ್ಲಿ ಬರಲ್ಲ, ನಿಮ್ಮ ಪುಣ್ಯ.

ಗೊತ್ತಿಲ್ಲದವರಿಗೆ: ಹಗರಿಬೊಮ್ಮನಹಳ್ಳಿ ತಾಲೂಕು, ತುಂಗಭದ್ರಾ ಹಿನ್ನೀರಿನ ಹತ್ರ, ನೀರಾವರಿಗೆ ಕಟ್ಟಿದ ಹಳೇ ಊರ ಕೆರೆ. 98.76 ಹೆಕ್ಟೇರ್. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಯ್ತು. 2024ರ ಜನವರಿ ಕೊನೆಗೆ ಅಘನಾಶಿನಿ ಮತ್ತು ಗದಗಿನ ಮಾಗಡಿ ಕೆರೆ ಜೊತೆ ರಾಮ್ಸರ್ ಪಟ್ಟಿಗೆ ಸೇರಿತು. 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ, ರಾತ್ರಿ ತಂಗುತ್ತವೆ. ಬಣ್ಣದ ಕೊಕ್ಕರೆ ಮತ್ತು ಬಿಳಿ ಕೆಂಬರಲು, ಈ ಎರಡರ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚು ಪಾಲು ಈ ಒಂದೇ ಕೆರೆಯಲ್ಲಿದೆ.

ಈಗ ನಾನೊಂದು ಲೆಕ್ಕ ಹಾಕ್ತೀನಿ. ಅದರಲ್ಲಿ ಮೋಸ ಇದೆ, ಹಿಡೀರಿ ನೋಡೋಣ.

ಈ 98.76 ಹೆಕ್ಟೇರಿನಲ್ಲಿ ಒಂದೇ ಮೀಟರ್ ನೀರು ನಿಂತಿದೆ ಅಂದ್ಕೊಳ್ಳಿ. ಅದು 98.76 ಕೋಟಿ ಲೀಟರ್. 5,000 ಲೀಟರಿನ ಟ್ಯಾಂಕರ್ ಆದ್ರೆ 1,97,520 ಟ್ಯಾಂಕರ್. ಹೋದ ಬೇಸಿಗೆ ನಮ್ಮ ಓಣಿಗೆ ಬಂದ ಟ್ಯಾಂಕರ್‌ಗೆ 600 ಕೊಟ್ಟಿದ್ವಿ. ಗುಣಿಸಿ: 11 ಕೋಟಿ 85 ಲಕ್ಷ!

ಸ್ಟೋರಿಗೆ ಹಾಕೋಕೆ ಚೆನ್ನಾಗಿದೆ. ಹಾಕಬೇಡಿ.

ಯಾಕಂದ್ರೆ ಹೊಲಕ್ಕೆ ನೀರು ಹಾಯಿಸೋಕೆ ಯಾವ ರೈತನೂ 600 ರೂಪಾಯಿಯ ಟ್ಯಾಂಕರ್ ಎರಡು ಲಕ್ಷ ಸಲ ತರಿಸಲ್ಲ. ಅಷ್ಟು ರೇಟ್ ಕೊಡೋದು ಕುಡಿಯೋ ನೀರು ಇಲ್ಲದ ಆ ಎರಡು ತಿಂಗಳು ಮಾತ್ರ. ಅರ್ಧ ನೀರು ಬಿಸಿಲಿಗೆ ಆವಿಯಾಗುತ್ತೆ, ಅದಕ್ಕೂ ನಾನು 600 ಹಾಕಿದೀನಿ. ಅಭಾವದ ರೇಟನ್ನ ಸಮೃದ್ಧಿಯ ನೀರಿಗೆ ಅಂಟಿಸಿದೀನಿ. ಇಂಥ ಲೆಕ್ಕ ತಗೊಂಡು ಹೋದ್ರೆ ಎದುರಿಗೆ ಕೂತ ಇಂಜಿನಿಯರ್ ಎರಡು ನಿಮಿಷದಲ್ಲಿ ಹರಿದು ಬಿಸಾಕ್ತಾರೆ. ಆಮೇಲೆ ನಿಜವಾದ ಲೆಕ್ಕ ತಂದ್ರೂ ನಂಬಲ್ಲ.

ಪರಿಸರದ ಹೆಸರಲ್ಲಿ ಸುಳ್ಳು ದೊಡ್ಡ ನಂಬರ್ ಹೇಳೋರ ಮೇಲೂ ನನಗೆ ಸಿಟ್ಟಿದೆ.

(5/8)
ಫೋಟೋ: ಕೆರೆ ಅಂಗಳದಲ್ಲಿ ಕುರಿ ಹಿಂಡು. ಕುರಿಯವರ ಮುಖ ಬೇಕಂತಲೇ ಬಿಟ್ಟಿದೀನಿ.

ಹಾಗಾದ್ರೆ ಸರಿಯಾದ ಲೆಕ್ಕ ಹೆಂಗೆ?

ಒಂದು: ಕೆರೆ ಹೂಳು ತೆಗೆದ ವರ್ಷ ಮಳೆ ಚೆನ್ನಾಗಿ ಬಂದ್ರೆ, ಬೋರು ಮೇಲೆ ಬಂದದ್ದಕ್ಕೆ ಹೂಳೆತ್ತಿದವರು ಮಾಲೆ ಹಾಕಿಸ್ಕೊಳ್ತಾರೆ. ತಪ್ಪು. ಅದೇ ಮಳೆ ಬಿದ್ದ, ಹೂಳು ತೆಗೆಯದ ಪಕ್ಕದೂರ ಕೆರೆಯ ಬೋರು ಎಷ್ಟು ಮೇಲೆ ಬಂತು? ಎರಡರ ವ್ಯತ್ಯಾಸವೇ ಲಾಭ. ಮಳೆರಾಯನ ಪಾಲನ್ನ ಕಂಟ್ರಾಕ್ಟರ್ ಖಾತೆಗೆ ಜಮಾ ಮಾಡಬಾರದು.

ಎರಡು: ಒಂದೇ ಲಾಭ ಎರಡು ಸಲ ಎಣಿಸಬೇಡಿ. ಬೋರಿನ ನೀರಿಗೆ ಬೆಲೆ ಹಾಕಿದ ಮೇಲೆ, ಅದೇ ನೀರಲ್ಲಿ ಬೆಳೆದ ಈರುಳ್ಳಿಯ ಪೂರ್ತಿ ಬೆಲೆಯನ್ನೂ ಸೇರಿಸಿದ್ರೆ ಡಬಲ್ ಆಯ್ತು. ಇದು ಪಿಯುಸಿ ಪಾಠ.

ಮೂರು: ಸಣ್ಣವರ ಲಾಭ ಮರೀಬೇಡಿ. ಕುರಿಗೆ ನೀರು, ಅಂಗಳದ ಹುಲ್ಲು, ಬಟ್ಟೆ ಒಗೆಯೋ ಕಲ್ಲು, ಮೀನು, ಹೊಲಕ್ಕೆ ಹೊಡೆಯೋ ಕೆರೆಗೋಡು. ಗೋಡು ಹಾಕಿದ ಹೊಲಕ್ಕೆ ಗೊಬ್ಬರದ ಚೀಲ ಕಮ್ಮಿ ಸಾಕು, ಇದನ್ನ ನಮ್ಮಜ್ಜನಿಗೆ ಯಾರೂ ಹೇಳಿಕೊಡಬೇಕಿಲ್ಲ. ಇವು ಯಾವುದಕ್ಕೂ ರಸೀದಿ ಇಲ್ಲ, ಅದಕ್ಕೇ ವರದಿಯಲ್ಲಿ ಬರಲ್ಲ. ಬೋಟಿಂಗ್ ಟಿಕೆಟ್‌ಗೆ ರಸೀದಿ ಇದೆ, ಅದು ಬರುತ್ತೆ.

ನಾಲ್ಕು, ಇದನ್ನ ಹೇಳೋಕೆ ಎಲ್ಲರೂ ಹಿಂಜರೀತಾರೆ: ನಷ್ಟದ ಕಡೆಯನ್ನೂ ಬರೀರಿ. ಕೆರೆ ತುಂಬಿದ್ರೆ ಅಂಗಳದಲ್ಲಿ ಕಡಲೆ, ಜೋಳ ಬಿತ್ಕೊಳ್ತಿದ್ದ ಜಮೀನಿಲ್ಲದವನ ತುತ್ತು ಹೋಗುತ್ತೆ. ಮಾಗಡಿ ಕೆರೆಗೆ ಹಿಮಾಲಯದ ಆಚೆಯಿಂದ ಬರೋ ಪಟ್ಟೆತಲೆ ಹೆಬ್ಬಾತುಗಳು ಮೇಯೋದು ಸುತ್ತಲ ರೈತರ ಹೊಲದಲ್ಲಿ. ಹಕ್ಕಿ ನೋಡೋ ಖುಷಿ ಬೆಂಗಳೂರಿಂದ ಕ್ಯಾಮೆರಾ ತಂದವರಿಗೆ, ಬೆಳೆ ನಷ್ಟ ಊರವರಿಗೆ ಅಂದ್ರೆ ಅದೆಂಥ ನ್ಯಾಯ? ಒಟ್ಟು ಲಾಭ ಎಷ್ಟು ಅಂತ ಒಂದು ನಂಬರ್ ಕೊಟ್ಟು ಕೈ ತೊಳ್ಕೊಳ್ಳೋ ವರದಿ ನನಗೆ ಬೇಡ. ಯಾರಿಗೆ ಎಷ್ಟು ಬಂತು, ಯಾರದು ಎಷ್ಟು ಹೋಯ್ತು ಅನ್ನೋ ಎರಡು ಕಾಲಂ ಬೇಕು.

(6/8)
ಫೋಟೋ: ಪೇವರ್, ರೇಲಿಂಗ್, ಲೈಟ್ ಕಂಬ, "ಐ ಲವ್" ಬೋರ್ಡ್. ಊರ ಹೆಸರು ಕ್ರಾಪ್ ಮಾಡಿದೀನಿ. ನಮ್ಮ ಕಡೆಯದೇ ಒಂದು ಕೆರೆ.

ಇದಕ್ಕೆ "ಕೆರೆ ಪುನಶ್ಚೇತನ" ಅಂತ ಹೆಸರು.

ಎಸ್ಟಿಮೇಟ್ ಕಾಪಿ ನೋಡೋಕೆ ಸಿಕ್ಕಿತ್ತು. ಪೇವರ್ ಎಷ್ಟು ಚದರ ಮೀಟರ್, ಗ್ರಿಲ್ ಎಷ್ಟು ಕೆಜಿ, ಬಣ್ಣ ಎಷ್ಟು ಕೋಟ್, ಎಲ್ಲಾ ಇದೆ. ಕೆರೆಗೆ ನೀರು ತರೋ ಹಳ್ಳದ ಹೆಸರು ಒಂದು ಕಡೆಯೂ ಇಲ್ಲ. ಆ ಹಳ್ಳದ ಮೇಲೆ ಈಗ ಎರಡು ಶೆಡ್ಡು ಇದಾವೆ. ತೂಬು ರಿಪೇರಿ ಇಲ್ಲ. ಅಂಚಿನಲ್ಲಿದ್ದ ಜಾಲಿಮರ, ಜೊಂಡು ಎಲ್ಲಾ ಜೆಸಿಬಿ ಕಿತ್ತು ಹಾಕ್ತು, "ಕ್ಲೀನ್" ಆಗಬೇಕಲ್ಲ. ಜೊಂಡು ಹೊಲಸನ್ನ ಹಿಡಿದು ನೀರು ತಿಳಿ ಮಾಡ್ತಿತ್ತು, ಜಾಲಿಮರದಲ್ಲಿ ಗೂಡಿದ್ದವು. ಮೊದಲ ಮಳೆಗೆ ಬಂದ ನೀರು ಪಾದ ಮುಳುಗುವಷ್ಟು. ಸಂಜೆ ವಾಕಿಂಗ್‌ಗೆ ಮಾತ್ರ ಬಹಳ ಜನ ಬರ್ತಾರೆ, ನಾನೂ ಹೋಗಿದೀನಿ.

ಯಾಕೆ ಹೀಗಾಗುತ್ತೆ? ಪೇವರ್‌ಗೆ ರೇಟ್ ಇದೆ, ಅಳತೆ ಇದೆ, ಬಿಲ್ ಆಗುತ್ತೆ. ಇಂಗಿದ ನೀರಿಗೆ ರೇಟ್ ಇಲ್ಲ, ಬಿಲ್ ಆಗಲ್ಲ. ಬಿಲ್ ಆಗದ ಕೆಲಸ ಯಾರು ಮಾಡ್ತಾರೆ? ಕಂಟ್ರಾಕ್ಟರ್ ಒಬ್ಬರನ್ನೇ ಬೈದು ಪ್ರಯೋಜನ ಇಲ್ಲ. ಬೆಲೆ ಕಟ್ಟದ್ದರ ಫಲ ಇದು, ಅಕ್ಕಾ. "ಅಮೂಲ್ಯ" ಅಂತ ಬಿಟ್ರೆ ಸಿಗೋದು ಈ ಐ ಲವ್ ಬೋರ್ಡು.

ಕಾನೂನಿನ ತಮಾಷೆಯೂ ಕೇಳಿ. ಕೇಂದ್ರದ 2017ರ ಜೌಗು ಪ್ರದೇಶ ನಿಯಮಗಳ ವ್ಯಾಖ್ಯೆಯಲ್ಲಿ, ಕುಡಿಯೋ ನೀರಿಗೆಂದೇ ಕಟ್ಟಿದ ಕೆರೆ ಮತ್ತು ನೀರಾವರಿಗೆಂದೇ ಕಟ್ಟಿದ ರಚನೆಗಳು ಸೇರಲ್ಲ. ಆದ್ರೆ ಅಂಕಸಮುದ್ರ ಯಾವುದಕ್ಕೆ ಕಟ್ಟಿದ್ದು? ನೀರಾವರಿಗೆ. ರಾಮ್ಸರ್ ಒಪ್ಪಂದ ಮಾನವ ನಿರ್ಮಿತ ಕೆರೆಯನ್ನೂ ಜೌಗು ಪ್ರದೇಶ ಅಂತ ಒಪ್ಪುತ್ತೆ, ಅಲ್ಲಿ ನಮ್ಮ ಕೆರೆಗೆ ಅಂತಾರಾಷ್ಟ್ರೀಯ ಗೌರವ. ಅಂಥದ್ದೇ ಇನ್ನೊಂದು ಕೆರೆ, ಪಟ್ಟಿಗೆ ಸೇರದೇ ಹೋದ್ರೆ, ಆ ನಿಯಮದ ನೆರಳಿಗೂ ಬರಲ್ಲ. ರಾಜ್ಯದಲ್ಲಿ 2014ರ ಕೆರೆ ಸಂರಕ್ಷಣೆ ಕಾಯ್ದೆ ಇದೆ, ಸರಿ. ಆದ್ರೆ ಒತ್ತುವರಿ ತಡೆಯೋ ಕಾಯ್ದೆ ಬೇರೆ, ಕೆರೆ ಏನೇನು ಕೊಡುತ್ತೆ ಅಂತ ಎಣಿಸೋ ಲೆಕ್ಕ ಬೇರೆ.

(7/8)
ಫೋಟೋ: ದುರ್ಗದ ಕೋಟೆಯ ಗೋಡೆ. ಮೇಲೆ ಹೊಂಡಗಳಿದಾವೆ, ಹೋಗಿ ನೋಡಿ.

ಈಗ ನನ್ನ ವಿರುದ್ಧದ ಅತಿ ಗಟ್ಟಿ ಮಾತು. ಅದನ್ನ ನಾನೇ ಹೇಳ್ತೀನಿ, ಯಾಕಂದ್ರೆ ಅದು ನನಗೂ ಭಯ ಹುಟ್ಟಿಸುತ್ತೆ.

"ಬೆಲೆ ಕಟ್ಟಿದ ದಿನ ಮಾರೋಕೆ ಬಾಗಿಲು ತೆಗೆದ ಹಂಗೆ."

ಸುಳ್ಳಲ್ಲ. ಗೋದಾವರ್ಮನ್ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಕಾಡಿಗೆ ನಿವ್ವಳ ಪ್ರಸ್ತುತ ಮೌಲ್ಯ ಗೊತ್ತು ಮಾಡ್ತು: ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ. ಉದ್ದೇಶ ಒಳ್ಳೇದು, ಕಾಡು ಪುಕ್ಕಟೆ ಅಲ್ಲ ಅಂತ ತೋರಿಸೋದು. ಆದ್ರೆ ಗಣಿಗೆ ಕಾಡು ಬೇಕಾದವರಿಗೆ ಅದು ಏನಾಯ್ತು? ಟಿಕೆಟ್ ದರ. ದುಡ್ಡು ಕಟ್ಟು, ಒಳಗೆ ಹೋಗು. ನಮ್ಮ ಪಕ್ಕದ ಸಂಡೂರಿನ ಗುಡ್ಡಗಳನ್ನ ನೋಡಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳಬೇಕಾ?

ಅದಕ್ಕೇ ನಾನು ಬೆಲೆ ಮತ್ತು ರೇಟ್ ಬೇರೆ ಬೇರೆ ಅಂತೀನಿ. ಉಚ್ಚಂಗೆಮ್ಮನ ಗುಡಿಯ ಒಡವೆಗೂ ಲೆಕ್ಕ ಇರುತ್ತೆ, ತೂಕ ಇರುತ್ತೆ. ಲೆಕ್ಕ ಇಡೋದು ಕಳವಾಗಬಾರದು ಅಂತ, ಮಾರೋಕಲ್ಲ. ಕೆರೆಯ ಲೆಕ್ಕವೂ ಹಂಗೇ ಇರಬೇಕು. ಅದು ಊರಿನ ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯ ಕಡೆ ಬರಬೇಕು, ಮಾರಾಟದ ಪಟ್ಟಿಯಲ್ಲಿ ಬರಲೇಬಾರದು. ಮಾರೋ ಹಾಗಿಲ್ಲ ಅಂತ ಕಾನೂನು ಮೊದಲು ಹೇಳಲಿ, ಬೆಲೆ ಆಮೇಲೆ. ಈ ಕ್ರಮ ತಲೆಕೆಳಗಾದ್ರೆ ಅಕ್ಕ ಹೇಳಿದ ಪಾಪವೇ ಆಗುತ್ತೆ, ಅಲ್ಲಿ ಅಕ್ಕ ಗೆದ್ರು.

ಇದೇನು ಹೊರಗಿಂದ ಬಂದ ಐಡಿಯಾ ಅಲ್ಲ. ನಮ್ಮ ಶಾಸನಗಳಲ್ಲಿ "ಬಿತ್ತುವಟ್ಟ", "ಕಟ್ಟುಕೊಡಗಿ" ಅನ್ನೋ ಮಾತುಗಳಿದಾವೆ. ಕೆರೆಯ ನೀರಿಂದ ಬಂದ ಆದಾಯದಲ್ಲಿ ಒಂದು ಪಾಲನ್ನ, ಇಲ್ಲಾ ಒಂದಿಷ್ಟು ಭೂಮಿಯನ್ನ ಕೆರೆ ಕಟ್ಟೋಕೆ, ಕಾಯೋಕೆ, ರಿಪೇರಿಗೆ ಅಂತ ಬಿಟ್ಟಿರ್ತಿದ್ರು. ನಮ್ಮ ಭಾಷೆಯಲ್ಲಿ ಅದು ರಿಸರ್ವ್ ಫಂಡ್. 1369ರ ಪೋರುಮಾಮಿಳ್ಳ ಶಾಸನದಲ್ಲಿ ಒಳ್ಳೆ ಕೆರೆಗೆ ಬೇಕಾದ ಹನ್ನೆರಡು ಅಂಗ, ಆಗಬಾರದ ಆರು ದೋಷ ಪಟ್ಟಿ ಮಾಡಿದಾರೆ. ಅವರು ಕೆರೆಗೆ ಪೂಜೆಯನ್ನೂ ಮಾಡಿದ್ರು, ಲೆಕ್ಕವನ್ನೂ ಇಟ್ಟಿದ್ರು. ನಾವು ಬಾಗಿನ ಮಾತ್ರ ಇಟ್ಕೊಂಡ್ವಿ, ಬಿತ್ತುವಟ್ಟ ಬಿಟ್ವಿ.

ದೂರದ್ದೂ ಒಂದು ಹೇಳ್ತೀನಿ. ಕೊಲ್ಕತ್ತದ ಪೂರ್ವಕ್ಕೆ ಸುಮಾರು 12,500 ಹೆಕ್ಟೇರ್ ಜೌಗು ಇದೆ, ನಗರದ ಕೊಳಚೆ ನೀರು ಅಲ್ಲಿಯ ಮೀನುಕೆರೆಗಳಲ್ಲಿ ಬಿಸಿಲಿಗೇ ಶುದ್ಧವಾಗಿ ಮೀನು, ತರಕಾರಿ ಕೊಡುತ್ತೆ. ಧ್ರುಬಜ್ಯೋತಿ ಘೋಷ್ ಅನ್ನೋ ಇಂಜಿನಿಯರ್ ಅದನ್ನ ನಡೆದು ನೋಡಿ, ಲೋಕಕ್ಕೆ ತೋರಿಸಿದ್ರು. ಶುದ್ಧೀಕರಣ ಘಟಕ ಕಟ್ಟೋ ಖರ್ಚು ನಗರಕ್ಕೆ ಉಳೀತಿದೆ ಅಂತ ವಿವರಿಸಿದ್ರು. 2002ರಲ್ಲಿ ಅದೂ ರಾಮ್ಸರ್ ಪಟ್ಟಿ ಸೇರಿತು. ಅಲ್ಲಿಯ ಮೀನುಗಾರರಿಗೆ ಕೆಲಸ ಗೊತ್ತಿತ್ತು, ಅವರ ಕೆಲಸವನ್ನ ಲೆಕ್ಕಕ್ಕೆ ತರೋರು ಬೇಕಿತ್ತು.

(8/8)
ಫೋಟೋ: ನನ್ನ ನೋಟ್‌ಬುಕ್. ಕೈಬರಹ ನೋಡಿ ನಗಬೇಡಿ.

ಸರಿ, ಬೈದದ್ದು ಸಾಕು. ಏನು ಬೇಕು ಅಂತ ಹೇಳ್ತೀನಿ.

ನಮ್ಮೂರಲ್ಲಿ, ನಿಮ್ಮೂರಲ್ಲಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ ಎಲ್ಲೇ ಆಗಲಿ ಕೆರೆ ಕಾಮಗಾರಿ ಬಂದ್ರೆ, ಗ್ರಾಮಸಭೆಯಲ್ಲಿ ಎದ್ದು ನಿಂತು ನಾಲ್ಕು ಪ್ರಶ್ನೆ ಕೇಳಿ:

ಕೆಲಸಕ್ಕೆ ಮುಂಚೆ ಸುತ್ತಲ ಬೋರುಗಳ ನೀರಿನ ಮಟ್ಟ ಅಳೆದಿದೀರಾ? ಮುಗಿದ ಮೇಲೆ ಯಾವಾಗ ಅಳೀತೀರಿ?
ಕೆರೆಗೆ ನೀರು ತರೋ ಹಳ್ಳ, ಕೋಡಿ, ತೂಬು ಎಸ್ಟಿಮೇಟಿನಲ್ಲಿ ಇದಾವಾ?
ಲಾಭ ಯಾರಿಗೆ, ನಷ್ಟ ಯಾರಿಗೆ? ನಷ್ಟ ಆದವರಿಗೆ ಏನು ಕೊಡ್ತೀರಿ?
ಐದು ವರ್ಷ ಆದ ಮೇಲೆ ನೋಡ್ಕೊಳ್ಳೋರು ಯಾರು, ದುಡ್ಡು ಎಲ್ಲಿಂದ?

ನಾಲ್ಕನೇ ಪ್ರಶ್ನೆಗೆ ಎಲ್ಲರೂ ತಲೆ ಕೆರ್ಕೊಳ್ತಾರೆ, ನೋಡ್ತಿರಿ. ಬಿತ್ತುವಟ್ಟ ಅಂದ್ರೆ ಏನು ಅಂತ ಅವತ್ತು ಹೇಳಿ.

ಕ್ಲಾಸ್‌ಮೇಟ್ಸ್‌ಗೆ ಇನ್ನೊಂದು ಮಾತು. ಈ ಸೆಮಿಸ್ಟರ್ ಪ್ರಾಜೆಕ್ಟಿಗೆ ಅರ್ಧ ಕ್ಲಾಸು "ದ್ವಿಚಕ್ರ ವಾಹನ ಗ್ರಾಹಕರ ತೃಪ್ತಿ" ಅಂತ ಬರೆಯೋಕೆ ಹೊರಟಿದೀರಿ. ಹೋದ ವರ್ಷದವರ ಫೈಲ್ ಕಾಪಿ ಹೊಡೀತೀರಿ, ನನಗೂ ಗೊತ್ತು, ಸರ್‌ಗೂ ಗೊತ್ತು. ಅದರ ಬದಲು ನಿಮ್ಮೂರ ಒಂದು ಕೆರೆಯ ಖಾತೆ ಬರೀರಿ. ಎಷ್ಟು ಬೋರು, ಎಷ್ಟು ಆಳ, ಯಾವ ವರ್ಷ ಎಷ್ಟು ಖರ್ಚು, ಎಷ್ಟು ಕುರಿ, ಗೋಡು ಎಷ್ಟು ಟ್ರ್ಯಾಕ್ಟರ್, ಅಂಗಳದಲ್ಲಿ ಬಿತ್ತೋರು ಯಾರು. ಸಮೀಕ್ಷೆ ಮಾಡೋಕೆ ಕಂಪನಿ ಬೇಕಿಲ್ಲ, ನಿಮ್ಮಜ್ಜ ಸಾಕು.

ನಾನು ಶುರು ಮಾಡಿದೀನಿ. ಈ ನೋಟ್‌ಬುಕ್‌ನಲ್ಲಿ ಈ ತನಕ 11 ಬೋರು ಬರೆದಿದೀನಿ, ಅದರಲ್ಲಿ 7 ಸತ್ತಿದಾವೆ. ಪ್ರತಿ ಬೋರಿನ ಮುಂದೆ ಒಂದು ಕಾಲಂ ಇದೆ: "ದುಡ್ಡು ಎಲ್ಲಿಂದ ಬಂತು?" ಸೊಸೈಟಿ ಸಾಲ, ಕೈಸಾಲ, ಎತ್ತು ಮಾರಿದ್ದು, ಒಡವೆ. ಒಡವೆ ಅಂತ ಬರೆದದ್ದು ಐದು ಕಡೆ. ಐದರಲ್ಲಿ ಒಂದು ಅವ್ವನದು.

ನಾನು ಬರೀತಾ ಕೂತಾಗ ಅವ್ವ ಬಗ್ಗಿ ನೋಡಿ ಕೇಳಿದ್ಲು, "ಇದನ್ನೆಲ್ಲಾ ಯಾಕ ಬರೀತಿಯವ್ವಾ, ಹೋಗಿದ್ದು ಬರ್ತೈತೇನು?"

ಬರಲ್ಲವ್ವಾ. ಆದ್ರೆ ಯಾರ ಖಾತೆಯಿಂದ ಹೋಯ್ತು ಅಂತ ಒಂದು ಕಡೆ ಬರೆದಿರ್ಲಿ.

ಸೈಟ್ ಹಾಕ್ಬೇಕು ಅಂದಿದ್ದ ಅಣ್ಣ, ನಿಮ್ಮೂರ ಕೆರೆ ಹತ್ರ ಎಷ್ಟು ಬೋರಿದಾವೆ ಅಂತ ಕೇಳ್ಕೊಂಡು ಬಾ. ನಿನ್ನ ಕೋಟಿಯಿಂದ ಅವನ್ನ ಕಳೆಯೋಣ, ಎಷ್ಟು ಉಳಿಯುತ್ತೆ ನೋಡೋಣ. ಜೊತೆಗೆ ಬರೋರು ಕಾಮೆಂಟಲ್ಲಿ ಊರ ಹೆಸರು ಹಾಕಿ.

#ಕೆರೆಯಲೆಕ್ಕ #ಉಚ್ಚಂಗಿದುರ್ಗ #ಅಂಕಸಮುದ್ರ #ಬಿತ್ತುವಟ್ಟ